ವಳ್ಳೂರಿನಿಂದ ಬರುತ್ತಿದ್ದ ಹೆಸರುಗಳು

ಕೊಡಿಗೇನಹಳ್ಳಿಯ ಮನೆಯ ಅಟ್ಟ ಖಾಲಿ ಮಾಡುವಾಗ ಅಪ್ಪನ ರೇಡಿಯೊ ಸಿಕ್ಕಿತು ಅಂತ ತಮ್ಮ ಅದನ್ನು ಮಧುಗಿರಿಗೆ ತಂದುಕೊಟ್ಟ. ಅವನದು ಊರಿನಲ್ಲೇ ಗೊಬ್ಬರದ ಅಂಗಡಿ. ಖಾಲಿ ಗೊಬ್ಬರದ ಚೀಲದಲ್ಲೇ ಸುತ್ತಿಕೊಂಡು ಬಂದಿದ್ದ.

"ಗುಜರಿಯವನು ಕೇಳ್ದ ಕಣಕ್ಕ. ನಿನ್ನ ಒಂದು ಮಾತು ಕೇಳ್ದೆ ಕೊಟ್ರೆ ಆಮೇಲೆ ಬಯ್ತೀಯ ಅಂತ ತಂದ್ಬುಟ್ಟೆ" ಅಂದ.

ಚರ್ಮದ ಕವರು ಒಣಗಿ ಹಪ್ಪಳವಾಗಿತ್ತು. ಸೆಲ್ಲು ಹಾಕುವ ಕಡೆ ತಗಡಿನ ಮೇಲೆ ಹಸಿರು ಕಿಲುಬು. ಹಿತ್ತಾಳೆ ಪಾತ್ರೆಗೆ ಮಾಡುವ ಹಾಗೆ ಹುಣಸೆಹಣ್ಣು ಹಚ್ಚಿ ಉಜ್ಜಿದೆ, ಒರೆಸಿ ಬಿಸಿಲಿಗಿಟ್ಟೆ. ದೊಡ್ಡ ಸೆಲ್ಲು ಬೇಕೆಂದಾಗ ಅಂಗಡಿಯವರು ಒಳಗೆಲ್ಲೋ ಹೋಗಿ ಧೂಳು ಒರೆಸಿಕೊಂಡು ತಂದರು. ಹಾಕಿ ಕಿವಿ ತಿರುಗಿಸಿದರೆ ದೀಪ ಹತ್ತಿತು. ಸ್ಟೇಷನ್ ಮಾತ್ರ ಯಾವುದೂ ಇಲ್ಲ. ಮುಳ್ಳನ್ನು ಈ ತುದಿಯಿಂದ ಆ ತುದಿಯವರೆಗೆ ಓಡಿಸಿದರೂ ಒಂದೇ ಸಮ ಜುಂಯ್ ಅನ್ನುವ ಸದ್ದು.

"ಹೋಗ್ಲಿ ಬುಡಕ್ಕ. ಈಗ ಯಾರು ಮೀಡಿಯಂ ವೇವ್ ಕೇಳ್ತಾರೆ? ಎಲ್ಲಾ ಮೊಬೈಲ್‌ನಾಗೇ ಬತ್ತದೆ" ಅಂತ ಹೇಳಿ ತಮ್ಮ ಕಾಫಿ ಕುಡಿದು ಹೊರಟ.

ನನಗೆ ಬಿಡಲಾಗಲಿಲ್ಲ. ಕೆಲಸದಲ್ಲಿದ್ದಷ್ಟು ಕಾಲವೂ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವಳು. ಗೊರಗೊರ ಸದ್ದಿನ ಹಿಂದೆ ಮನುಷ್ಯರ ದನಿ ಇದೆಯೇ ಎಂದು ಹುಡುಕುವುದೇ ನನ್ನ ಕೆಲಸವಾಗಿತ್ತು. ರೇಡಿಯೊ ಹಿಡಿದುಕೊಂಡು ಮನೆಯೊಳಗೆ ಓಡಾಡಿದೆ. ಫ್ರಿಜ್ ಹತ್ತಿರ ಹೋದರೆ ಸದ್ದು ದಪ್ಪವಾಗುತ್ತಿತ್ತು. ಹಜಾರದ ಎಲ್‌ಇಡಿ ಬಲ್ಬಿನ ಕೆಳಗೆ ಕೀರಲಾಗುತ್ತಿತ್ತು. ಮೊಬೈಲ್ ಚಾರ್ಜರಿನ ಪಕ್ಕದಲ್ಲಿ ಸೆಟ್ಟು ಸಿಟ್ಟಿಗೆದ್ದಂತೆ ಕೂಗುತ್ತಿತ್ತು. ಹಾಗಾದರೆ ಸದ್ದು ರೇಡಿಯೊದಲ್ಲಿಲ್ಲ, ನಮ್ಮ ಮನೆಯಲ್ಲಿದೆ ಅನ್ನಿಸಿತು. ಮಾರನೆಯ ದಿನ ಬೆಳಗ್ಗೆ ನಮ್ಮ ಬೀದಿಗೆಲ್ಲ ಕರೆಂಟು ಹೋಯಿತು. ಕತ್ತರಿಸಿದ ಹಾಗೆ ಜುಂಯ್ ನಿಂತು, ಅದೇ ಜಾಗದಲ್ಲಿ ಒಬ್ಬರು ಸಾವಧಾನವಾಗಿ ರಾಗಿ ಪೈರಿಗೆ ಬೀಳುವ ಹುಳದ ವಿಷಯ ಹೇಳುತ್ತಿದ್ದರು. ಬೆಂಗಳೂರು ಸ್ಟೇಷನ್ ಅಲ್ಲೇ ಇತ್ತು. ಇಷ್ಟು ವರ್ಷವೂ ಅದು ಮಾತಾಡುತ್ತಲೇ ಇದ್ದದ್ದು, ನಮಗೆ ಕೇಳಿಸದೇ ಇದ್ದದ್ದು ಅಷ್ಟೇ.

ಅಲ್ಲಿಂದ ಮೇಲೆ ನಾನು ದಿನಕ್ಕೊಂದು ಹೊತ್ತು ಮೈನ್ ಸ್ವಿಚ್ ಇಳಿಸಿ ಕೂರತೊಡಗಿದೆ. ನಮ್ಮ ಯಜಮಾನರು ಮೊದಮೊದಲು ನಕ್ಕರು. ಅರ್ಧ ರುಬ್ಬಿದ ಚಟ್ನಿ ಮಿಕ್ಸಿಯಲ್ಲೇ ನಿಂತ ದಿನ ಮಾತ್ರ, "ಕೇಳುವ ಹೊತ್ತು ಮೊದಲೇ ಹೇಳಿಬಿಡು ಮಾರಾಯ್ತಿ" ಅಂದರು.

ಹೀಗೆ ಕೇಳುತ್ತಿದ್ದಾಗ ಒಂದು ಮಧ್ಯಾಹ್ನ ಕೇಳುಗರು ಕೋರಿದ ಚಿತ್ರಗೀತೆಗಳು ಬಂದವು. ಹಾಡಿಗೆ ಮುಂಚೆ ಊರುಗಳ ಹೆಸರು, ಜನರ ಹೆಸರು. ಅದನ್ನು ಕೇಳುತ್ತ ಕೇಳುತ್ತ ನನ್ನ ಬಾಯಿಂದ ತಾನಾಗಿಯೇ ಒಂದು ಮಾತು ಬಂತು: "ವಳ್ಳೂರಿನೋಳು ಬಂದ್ಲಾ?"

ಅದು ನಮ್ಮವ್ವನ ಮಾತು.

ನಾನು ಚಿಕ್ಕವಳಿದ್ದಾಗ ಕೊಡಿಗೇನಹಳ್ಳಿಯಲ್ಲಿ ಅಪ್ಪನದು ಬಟ್ಟೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನಡುವಿನ ಗೂಡಿನಲ್ಲಿ ಈ ರೇಡಿಯೊ. ವಾರ್ತೆಯ ಹೊತ್ತಿಗೆ ಅದರ ಮುಖ ಅಂಗಡಿಯ ಕಡೆ ಇರುತ್ತಿತ್ತು. ಅಪ್ಪ ಉಂಡು ಗೋಡೆಗೊರಗಿ ಕಣ್ಣು ಮುಚ್ಚಿದ ಮೇಲೆ ಅವ್ವ ಮೆಲ್ಲಗೆ ಅದನ್ನು ನಡುಮನೆಯ ಕಡೆ ತಿರುಗಿಸುತ್ತಿದ್ದಳು. ಸೆಲ್ಲು ಇಳಿದಿದ್ದರೆ ಬೆಳಗ್ಗೆಯೇ ತೆಗೆದು ಹಂಚಿನ ಮೇಲೆ ಬಿಸಿಲಿಗಿಟ್ಟಿರುತ್ತಿದ್ದಳು. ಬಿಸಿಲು ಕಾಯ್ದ ಸೆಲ್ಲಿಗೆ ಒಂದು ಹೊತ್ತಿನ ಹಾಡಿಗಾಗುವಷ್ಟು ಜೀವ ಬರುತ್ತಿತ್ತು. ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತ, ರಾಗಿ ಕೇರುತ್ತ ಕೇಳುತ್ತಿದ್ದಳು.

ಅವ್ವನ ತವರು ಕೊರಟಗೆರೆ ಕಡೆ. ಮದುವೆಯಾಗಿ ಬಂದವಳು ತವರು, ಮಧುಗಿರಿ ಬಿಟ್ಟರೆ ಬೇರೆಲ್ಲೂ ಹೋದವಳಲ್ಲ. ಆದರೆ ರೇಡಿಯೊದಿಂದಾಗಿ ಎಷ್ಟೋ ಊರುಗಳ ಹೆಸರು ಅವಳ ನಾಲಿಗೆ ಮೇಲಿತ್ತು. ಯಾವ ಊರಿನವರು ಎಂಥ ಹಾಡು ಕೇಳುತ್ತಾರೆ, ಯಾವ ಊರಿನಲ್ಲಿ ಗೆಳೆಯರ ಬಳಗ ದೊಡ್ಡದು, ಯಾರು ಹೊಸದಾಗಿ ಸೇರಿದರು, ಎಲ್ಲವೂ ಗೊತ್ತು. ಅವರಲ್ಲೆಲ್ಲ ಅವಳಿಗೆ ಹತ್ತಿರವಾದವಳು ಪಾವಗಡ ತಾಲ್ಲೂಕು ವಳ್ಳೂರಿನ ಒಬ್ಬ ಹೆಂಗಸು. ಗಂಡಸರ ಹೆಸರುಗಳೇ ಸಾಲುಗಟ್ಟಿ ಬರುವಾಗ ಈ ಒಂದು ಕಡೆ ಹೆಂಗಸಿನ ಹೆಸರು ಮೊದಲು ಬರುತ್ತಿತ್ತು. ಅದರ ಹಿಂದೆ ಇನ್ನೂ ನಾಲ್ಕಾರು ಹೆಸರು, ಕೊನೆಗೆ "ಮತ್ತು ಮನೆಯವರೆಲ್ಲ".

ಅವ್ವ ಆ ಹೆಸರುಗಳನ್ನು ಇಟ್ಟುಕೊಂಡು ಒಂದು ದೊಡ್ಡ ಸಂಸಾರವನ್ನೇ ಕಟ್ಟಿದ್ದಳು. ಒಂದು ಹೆಸರು ಹಳೇ ಕಾಲದ್ದು, ಅದು ಅತ್ತೆಯದಿರಬೇಕು. ಇನ್ನೊಂದು ಗಟ್ಟಿ ಗಂಡು ಹೆಸರು, ಅದು ಮೈದುನ. ಮೂರನೆಯದು ಮುದ್ದಾದ ಹೆಸರು. ಉದ್ಘೋಷಕಿ ಅದಕ್ಕೆ ತಾನೇ ಒಂದು "ಕುಮಾರಿ" ಸೇರಿಸಿ ಓದುತ್ತಿದ್ದರು. ಅದು ಮಗಳೇ ಇರಬೇಕು ಅಂತ ಅವ್ವನ ತೀರ್ಮಾನ. ನನ್ನ ತಮ್ಮ ಆಗಿನ್ನೂ ಚಡ್ಡಿ ಹಾಕಿಕೊಂಡು ಗೋಲಿಯಾಡುತ್ತಿದ್ದ. "ನೋಡ್ಲಾ, ಆ ಹುಡುಗೀನೇ ನಿಂಗೆ ತರೋದು. ಅಂಥ ಮನೆ ಸಿಗಲ್ಲ" ಅಂತ ಅವ್ವ ಚುಡಾಯಿಸಿದರೆ ಅವನು ಕಿವಿ ಮುಚ್ಚಿಕೊಂಡು ಬೀದಿಗೆ ಓಡುತ್ತಿದ್ದ.

ಹೈಸ್ಕೂಲಿನಲ್ಲಿದ್ದಾಗ ನಾನೊಮ್ಮೆ, "ಅವ್ವ, ನಿನ್ನ ಹೆಸರೂ ಬರೆದು ರೇಡಿಯೊಗೆ ಒಂದು ಕಾರ್ಡು ಹಾಕ್ತೀನಿ" ಅಂದೆ. ಅವಳು ಅಂಗಡಿಯ ಕಡೆ ನೋಡಿ ದನಿ ತಗ್ಗಿಸಿದಳು. "ಬ್ಯಾಡ ಕಣೇ. ನಿಮ್ಮಪ್ಪ ಏನಂತಾರೋ. ನಂದ್ಯಾಕೆ, ಆಯಮ್ಮಂದು ಬಂದ್ರೆ ಸಾಕು."

ಒಂದು ವಿಷಯ ಮಾತ್ರ ಅವ್ವನನ್ನು ಕಾಡುತ್ತಿತ್ತು. ವಳ್ಳೂರಿನ ಹೆಸರು ಚಳಿಗಾಲದಲ್ಲಿ ಬರುತ್ತಿತ್ತು, ಬೇಸಗೆಯಲ್ಲಿ ಬರುತ್ತಿತ್ತು. ಮಳೆ ಹಿಡಿಯಿತೋ, ನಿಂತುಹೋಗುತ್ತಿತ್ತು. ಅವ್ವ ಯೋಚಿಸಿ ಯೋಚಿಸಿ, "ಆಯಮ್ಮಂಗೆ ಉಬ್ಬಸ ಇರ್ಬೇಕು. ಮಳೆ ಶೀತಕ್ಕೆ ಮೇಲಕ್ಕೇಳಕ್ಕೆ ಆಗಲ್ಲ" ಅಂತ ಕಂಡುಹಿಡಿದಳು. ಒಂದು ವರ್ಷ ದಸರಾ ಕಳೆದರೂ ಹೆಸರಿಲ್ಲ. ದೀಪಾವಳಿಗೂ ಇಲ್ಲ. ಅವ್ವ ನಿಜವಾಗಿಯೂ ಹೆದರಿದಳು. ಪಾವಗಡದ ಕಡೆಯಿಂದ ಬಂದು ಅಂಗಡಿಯಲ್ಲಿ ಬಟ್ಟೆ ಕೊಳ್ಳುತ್ತಿದ್ದವರನ್ನು ಬಾಗಿಲ ಸಂದಿಯಿಂದಲೇ ಕೇಳಿದಳು. ಅವರಿಗೇನು ಗೊತ್ತು. ಸೋಮವಾರದ ದೀಪ ಹಚ್ಚುವಾಗ ಒಂದು ಬತ್ತಿ ಹೆಚ್ಚಿಗೆ ಹಾಕುತ್ತಿದ್ದಳು. ಸಂಕ್ರಾಂತಿ ಕಳೆದು ಸುಮಾರು ದಿನದ ಮೇಲೆ ಒಂದು ಮಧ್ಯಾಹ್ನ ಆ ಹೆಸರು ಬಂತು, ಜೊತೆಗೆ ಎರಡು ಹೊಸ ಹೆಸರೂ ಬಂದವು. ಅವತ್ತು ನಮ್ಮ ಮನೆಯಲ್ಲಿ ಹೆಸರುಬೇಳೆ ಪಾಯಸ. ಅಪ್ಪ ಎಲೆ ಮುಂದೆ ಕೂತು, "ಇವತ್ತೇನು ವಿಶೇಷ?" ಅಂದರು. "ಬೆಲ್ಲ ಮಿಕ್ಕಿತ್ತು" ಅಂದಳು ಅವ್ವ.

ಆಮೇಲೆ ಟಿವಿ ಬಂತು, ರೇಡಿಯೊ ಅಟ್ಟ ಸೇರಿತು. ನಾನು ಕೆಲಸ, ಮದುವೆ ಅಂತ ಮಧುಗಿರಿಗೆ ಬಂದೆ. ಅಪ್ಪ ಹೋದರು, ಅವ್ವನೂ ಹೋದಳು. ವಳ್ಳೂರಿನಾಕೆ ಯಾರು ಅನ್ನುವುದು ಅವ್ವನಿಗೆ ಕೊನೆಗೂ ಗೊತ್ತಾಗಲಿಲ್ಲ.

ನನಗಾದರೂ ಗೊತ್ತಾಗಬೇಕಲ್ಲ ಅನ್ನಿಸಿತು. ವಳ್ಳೂರೇನು ಸಮುದ್ರದಾಚೆ ಇಲ್ಲ. ತಮ್ಮನಿಗೆ ಫೋನ್ ಮಾಡಿದೆ.

"ಹೋಗಿ ಏನಂತ ಕೇಳೋದು?" ಅಂದ.

"ನಿಂಗೆ ಹೆಣ್ಣು ಕೊಡ್ಬೇಕಾದ ಮನೆ ಯಾವ್ದು ಅಂತ."

ಆ ಕಡೆಯಿಂದ ನಗು ಕೇಳಿತು. ಭಾನುವಾರ ಅಂಗಡಿಯ ವ್ಯಾನು ತಂದ.

ಮಧುಗಿರಿಯಿಂದ ಪಾವಗಡದ ದಾರಿಯಲ್ಲಿ ನಡುವೆ ಆಂಧ್ರ ಸಿಗುತ್ತದೆ, ಮತ್ತೆ ಕರ್ನಾಟಕ. ಬೋರ್ಡುಗಳ ಅಕ್ಷರಗಳು ದುಂಡಗಾಗುತ್ತ ಹೋಗುತ್ತವೆ, ಮತ್ತೆ ನಮ್ಮವಾಗುತ್ತವೆ. ರೇಡಿಯೊ ನನ್ನ ತೊಡೆಯ ಮೇಲಿತ್ತು. ಬೆಂಗಳೂರು ಸ್ಟೇಷನ್ ಅಷ್ಟು ದೂರವೂ ಜೊತೆಗೆ ಬಂತು, ಒಮ್ಮೆ ತಗ್ಗಿ, ಒಮ್ಮೆ ಏರಿ. ಪಾವಗಡದ ಕೋಟೆ ಬೆಟ್ಟ ದಾಟಿ ಸೋಲಾರ್ ಪ್ಲೇಟುಗಳ ಸಾಲು ಶುರುವಾದಾಗ ಅದರ ದನಿ ಕಟ್ಟತೊಡಗಿತು. ರಸ್ತೆಯ ಎರಡೂ ಕಡೆ ಪ್ಲೇಟುಗಳಾದ ಮೇಲೆ ಬರೀ ಗುಂಯ್. ನನ್ನ ಮನೆಯ ಜುಂಯ್‌ಗಿಂತ ಇದು ದಪ್ಪ, ದೊಡ್ಡ ಜೇನುಗೂಡಿನೊಳಗೆ ಕಿವಿಯಿಟ್ಟ ಹಾಗೆ. ಹತ್ತಿರದಲ್ಲಿ ಕರೆಂಟಿನ ದೊಡ್ಡ ಪೆಟ್ಟಿಗೆ ಬಂದಾಗಲೆಲ್ಲ ಅದರ ರಾಗ ಬದಲಾಗುತ್ತಿತ್ತು.

"ಆಫ್ ಮಾಡಕ್ಕ, ತಲೆ ನೋಯ್ತದೆ."

"ಒಂದು ನಿಮಿಷ ಇರು" ಅಂದೆ. ಎಲ್ಲಿಂದ ಎಲ್ಲಿವರೆಗೆ ಈ ಸದ್ದು ಇರುತ್ತದೋ ನೋಡಬೇಕಿತ್ತು. ವಳ್ಳೂರಿನವರೆಗೂ ಇತ್ತು.

ಊರಿನಲ್ಲಿ ಆ ಹೆಸರಿನ ಹೆಂಗಸರು ಒಬ್ಬರಿಗಿಂತ ಹೆಚ್ಚು ಇದ್ದರು. ಟೀ ಅಂಗಡಿಯವರು ತೋರಿಸಿದ ಮೊದಲ ಮನೆಯಾಕೆ ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟು, ವಿಷಯ ಕೇಳಿ, "ನಾನಲ್ಲಮ್ಮ. ನಮ್ಮನೇಲಿ ರೇಡಿಯೊನೇ ಇರ್ಲಿಲ್ಲ. ಅಷ್ಟು ದೂರ ಬಂದಿದೀರ, ಬೇಕಾದ್ರೆ ನಾನೇ ಅಂದ್ಕೊಳ್ಳಿ" ಅಂದರು. ಮಜ್ಜಿಗೆ ಚೆನ್ನಾಗಿತ್ತು. ಅವರೇ ಹೊರಗೆ ಬಂದು, ಮರದ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ವಯಸ್ಸಾದವರನ್ನು ಕೂಗಿ ತೆಲುಗಿನಲ್ಲಿ ಏನೋ ಕೇಳಿದರು. ಅವರು ಊರಾಚೆಯ ಮನೆಯತ್ತ ಕೈ ತೋರಿದರು. "ಕುರಿಯೋರ ಮನೇದು. ಆಯಮ್ಮಂದೇ ಬತ್ತಿದ್ದಿದ್ದು."

ಜಗಲಿಯ ಮೇಲೆ ಒಬ್ಬ ಅಜ್ಜಿ ಕಡ್ಲೆಕಾಯಿ ಸುಲಿಯುತ್ತ ಕೂತಿದ್ದರು. ಒಳ್ಳೆ ಎತ್ತರದ ಆಳು ಅಂತ ಕೂತಿದ್ದಾಗಲೇ ಗೊತ್ತಾಗುತ್ತಿತ್ತು. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದರು. ಸೊಸೆ ಚಾಪೆ ತಂದು ಹಾಸಿದಳು.

"ರಾ ಅಮ್ಮಾ, ಬಾ ಕೂತ್ಕೋ. ಯಾವೂರು ನಿಮ್ದು?"

"ಕೊಡಿಗೇನಹಳ್ಳಿ, ಮಧುಗಿರಿ ತಾಲ್ಲೂಕು. ಅಜ್ಜಿ, ಹಿಂದೆ ರೇಡಿಯೊದಲ್ಲಿ ನಿಮ್ಮ ಹೆಸರು ಬರ್ತಿತ್ತಾ?"

ಅವರ ಕೈ ನಿಂತಿತು. ನನ್ನ ಮಡಿಲಲ್ಲಿದ್ದ ರೇಡಿಯೊ ನೋಡಿದರು, ನನ್ನ ಮುಖ ನೋಡಿದರು. "ಅದು ಯಾವ ಕಾಲದ್ದಮ್ಮಾ. ಅದ್ನ ನೀನು ಕೇಳಿದ್ದಾ?"

"ನಮ್ಮವ್ವ ಕೇಳ್ತಿದ್ಲು. ದಿನಾ ಕಾಯ್ತಿದ್ಲು."

ನಾನು ನೆನಪಿನಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಹೇಳಿದೆ. ಹಳೇ ಕಾಲದ್ದು, ಗಂಡು ಹೆಸರು, ಮುದ್ದಾದ ಹೆಸರು. "ಇವರೆಲ್ಲ ಚೆನ್ನಾಗಿದ್ದಾರಾ ಅಜ್ಜಿ? ನಿಮ್ಮತ್ತೆ, ಮೈದುನ, ಮಗಳು?"

ಅಜ್ಜಿ ಸೊಸೆಯ ಮುಖ ನೋಡಿದರು. ಆಮೇಲೆ ಹೊಟ್ಟೆ ಕುಲುಕುವ ಹಾಗೆ ಸದ್ದಿಲ್ಲದೆ ನಗತೊಡಗಿದರು. "ಅವೆಲ್ಲ ಗೊರ್ರೆಲಮ್ಮಾ" ಅಂದರು.

ನನಗೆ ತೆಲುಗು ಅಷ್ಟಕ್ಕಷ್ಟೆ. ಹಿಂದೂಪುರದ ಗಿರಾಕಿಗಳ ಜೊತೆ ದಿನಾ ಮಾತಾಡುವ ತಮ್ಮನಿಗೆ ಕೂಡಲೇ ಅರ್ಥವಾಯಿತು. ಅವನು ನನ್ನ ಕಡೆ ತಿರುಗಿ, "ಕುರಿಗಳಂತೆ ಕಣಕ್ಕ" ಅಂದ.

"ಒಂದು ನಾಯಿ" ಅಂತ ಅಜ್ಜಿ ತಿದ್ದಿದರು. "ಆ ಗಂಡು ಹೆಸರಿದೆಯಲ್ಲ, ಅದು ನಾಯಿ. ಹಳೇ ಹೆಸರಿಂದು ಮುದಿ ಕುರಿ. ಆ ಚಿಕ್ಕ ಹೆಸರಿಂದು ಒಂದು ಕುಂಟ ಮರಿ. ನಡೆಯಾಕೆ ಆಗಲ್ಲ ಅಂತ ನಮ್ ಯಜಮಾನ ಮನೇಲೇ ಬುಟ್ಟೋಗಿದ್ದ."

ತಮ್ಮ ತಲೆ ಕೆರೆದುಕೊಂಡ. "ನಮ್ಮವ್ವ ನಂಗೆ ತರ್ಬೇಕು ಅಂತಿದ್ದಿದ್ದು ಅದನ್ನೇ ಅಜ್ಜಿ" ಅಂದ. ಸೊಸೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅವಳ ನಗು ಒಳಗಿಂದ ಕೇಳುತ್ತಿತ್ತು.

ಆಮೇಲೆ ಅಜ್ಜಿ ವಿಷಯ ಹೇಳಿದರು. ಅವರ ಯಜಮಾನರದು ಕುರಿ ಮಂದೆ. ದಸರಾ ಹೊತ್ತಿಗೆ ಮಳೆ ನಿಂತು ಇಲ್ಲಿ ಹುಲ್ಲು ಒಣಗಿತೆಂದರೆ ಮಂದೆ ಹೊಡೆದುಕೊಂಡು ತುಂಗಭದ್ರೆಯ ಕಾಲುವೆ ಸೀಮೆಗೆ ಹೋಗುತ್ತಿದ್ದರು. ಅಲ್ಲಿ ಕೊಯ್ದ ಗದ್ದೆಗಳಲ್ಲಿ ಕುರಿ ಮೇಯುತ್ತಿದ್ದವು, ರಾತ್ರಿ ಮಂದೆ ನಿಂತ ಗದ್ದೆಗೆ ಗೊಬ್ಬರವಾಗುತ್ತಿತ್ತು. ಮತ್ತೆ ಮಳೆ ಬಿದ್ದ ಮೇಲೆಯೇ ಊರು. ಇವತ್ತೊಂದು ಗದ್ದೆ, ನಾಳೆ ಇನ್ನೊಂದು. ಹಾಗಿರುವಾಗ ಕಾಗದ ಬರೆದರೂ ಯಾವ ವಿಳಾಸಕ್ಕೆ ಹಾಕುವುದು. ಭುಜಕ್ಕೊಂದು ರೇಡಿಯೊ ಮಾತ್ರ ನೇತುಹಾಕಿಕೊಂಡು ಹೋಗುತ್ತಿದ್ದರು.

"ಅವನು ಹೋಗೋವಾಗ ಒಂದೇ ಮಾತು ಹೇಳ್ದ. ಮಧ್ಯಾಹ್ನ ಕುರಿ ನೆರಳಿಗೆ ನಿಂತಾಗ ನಾನು ಈ ಹಾಡು ಕೇಳ್ತೀನಿ, ನಿನ್ನೆಸ್ರು ಅದ್ರಾಗೆ ಬಂದ್ರೆ ನೀನು ಚೆನ್ನಾಗಿದೀಯ ಅಂತ ತಿಳ್ಕೊಂತೀನಿ ಅಂತ. ನಂಗೆ ಓದು ಬರಲ್ಲ. ಪೋಸ್ಟಿನಯ್ಯ ಬರೆದುಕೊಡ್ತಿದ್ದ. ಮನೇಲಿ ಯಾರ್ಯಾರು ಅಂದ. ಮನೇಲಿ ನಾನು, ಈ ಜೀವಗಳು. ಇನ್ಯಾರಿದ್ರು? ಹೇಳ್ದೆ, ಬರ್ದ."

"ಅವರು ಕುರಿಗಳು ಅಂತ ಪೋಸ್ಟಿನವರಿಗೆ ಗೊತ್ತಿರ್ಲಿಲ್ವಾ?"

"ಅವನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಹೊಸ ಮರಿ ಹುಟ್ಟಿದರೆ ಹೊಸ ಹೆಸರು ಸೇರುತ್ತಿತ್ತು. ಕಾರ್ಡು ಹಾಕಿ ಎಷ್ಟೋ ದಿನದ ಮೇಲೆ ರೇಡಿಯೊದಲ್ಲಿ ಓದುತ್ತಿದ್ದರು, ಕೆಲವು ಓದುತ್ತಲೇ ಇರಲಿಲ್ಲ. ಓದುವ ಹೊತ್ತಿಗೆ ಆ ಮರಿ ದೊಡ್ಡದಾಗಿರುತ್ತಿತ್ತು, ಇಲ್ಲವೇ ಸತ್ತಿರುತ್ತಿತ್ತು. ಒಂದು ಸಲ ಉದ್ಘೋಷಕಿ ಆ ಕುಂಟ ಮರಿಯ ಹೆಸರು ಬಿಟ್ಟು ಓದಿದ್ದರಂತೆ. ಯಜಮಾನರು ಮಳೆಗೆ ವಾಪಸ್ಸು ಬಂದವರು ಚಪ್ಪಲಿ ಬಿಡುವ ಮುಂಚೆ ಕೊಟ್ಟಿಗೆಗೆ ಹೋದರು. ಅದು ಎದ್ದು ನಿಂತು ಅವರ ಕೈ ನೆಕ್ಕಿತಂತೆ.

"ನಿಮಗೆ ಅವರ ಕಡೆಯಿಂದ ಏನು ಬರ್ತಿತ್ತು ಅಜ್ಜಿ?"

"ಏನೂ ಇಲ್ಲ. ಅವನು ಕೇಳಿದ್ನೋ ಇಲ್ವೋ ಅದೂ ಗೊತ್ತಾಗ್ತಿರ್ಲಿಲ್ಲ. ರೇಡಿಯೊ ಅವನ ಹತ್ರ ಇತ್ತಲ್ಲ, ನಾನು ಪಕ್ಕದ ಮನೆ ಗೋಡೆ ಹತ್ರ ನಿಂತು ಕೇಳ್ತಿದ್ದೆ. ನಂಗೆ ಕೇಳ್ಸಿದ್ರೆ ಅವನಿಗೂ ಕೇಳ್ಸಿರ್ತದೆ ಅಂತ."

ನಾನು ಮಳೆಗಾಲದ ವಿಷಯ ಕೇಳಿದೆ. ಕೇಳುವಾಗಲೇ ಉತ್ತರ ಹೊಳೆದಿತ್ತು.

"ಮಳೆಗಾಲದಾಗೆ ಅವನು ಮನೇಲೇ ಇರ್ತಿದ್ನಲ್ಲಮ್ಮಾ. ಮತ್ಯಾಕೆ ಕಾರ್ಡು?"

"ಒಂದು ವರ್ಷ ಸಂಕ್ರಾಂತಿ ಆದ್ರೂ ನಿಮ್ಮ ಹೆಸರು ಬಂದಿರ್ಲಿಲ್ಲ."

ಅಜ್ಜಿ ಕಡ್ಲೆಕಾಯಿಯ ಮೊರ ಪಕ್ಕಕ್ಕಿಟ್ಟರು. ಕಣ್ಣು ಕಿರಿದು ಮಾಡಿ ಎಲ್ಲೋ ನೋಡಿದರು. "ಹೌದು, ಒಂದು ವರ್ಷ ಮಳೆ ಬಂದಿದ್ದೇ ಬಂದಿದ್ದು. ಕೆರೆ ತುಂಬ್ತು. ಇಲ್ಲೇ ಸೊಂಟದುದ್ದ ಹುಲ್ಲು. ಅವನು ಹಬ್ಬ ಮುಗ್ಸೇ ಹೋದ. ಅಷ್ಟು ದಿನ ಅವನು ಮನೇಲಿದ್ದಿದ್ದು ಅದೊಂದು ವರ್ಷಾನೇ. ಇವಳ ಗಂಡ ಹುಟ್ಟಿದ್ದು ಅದರ ಮುಂದಿನ ವರ್ಷ" ಅಂತ ಸೊಸೆಯ ಕಡೆ ಗದ್ದ ತೋರಿಸಿದರು.

ಅವ್ವ ಅವರಿಗೆ ಉಬ್ಬಸ ಅಂದುಕೊಂಡದ್ದು, ಬತ್ತಿ ಹಚ್ಚಿದ್ದು, ಬಾಗಿಲ ಸಂದಿಯಿಂದ ಕೇಳಿದ್ದು, ಪಾಯಸ, ಎಲ್ಲ ಹೇಳಿದೆ. ಉಬ್ಬಸ ಅಂದಾಗ ಅವರು ನಕ್ಕರು. ಪಾಯಸ ಅಂದಾಗ ನಗು ನಿಲ್ಲಿಸಿದರು.

"ನಂಗೋಸ್ಕರ ಮಾಡಿದ್ಲಾ?"

"ಹೂಂ."

"ನಿಮ್ಮವ್ವನ ಹೆಸ್ರೇನು?"

ಹೇಳಿದೆ. ಅವರು ಒಂದು ಸಲ ಮೆಲ್ಲಗೆ ಅಂದುಕೊಂಡರು, ಆಮೇಲೆ ಗಟ್ಟಿಯಾಗಿ ಒಂದು ಸಲ ಹೇಳಿದರು. "ಒಳ್ಳೇ ಹೆಸ್ರು. ಕಾರ್ಡು ಹಾಕ್ಬೇಕಿತ್ತು."

ಹಾಡುಗಳ ವಿಷಯವೂ ಕೇಳಿದೆ. ಅವರು ಕೋರುತ್ತಿದ್ದ ಹಾಡುಗಳೆಂದರೆ ಅವ್ವನಿಗೆ ಪ್ರಾಣ. ಆಯಮ್ಮನ ರುಚಿ ಬಹಳ ಮೇಲಿನದು ಅಂತ ಎಲ್ಲರ ಹತ್ತಿರ ಹೇಳುತ್ತಿದ್ದಳು. ಅಜ್ಜಿ ಕೈ ಆಡಿಸಿದರು. "ಹಾಡು ಯಾವ್ದಾದ್ರೇನು? ಪೋಸ್ಟಿನಯ್ಯ ಏನು ಬರೀತಿದ್ನೋ ಅದು. ಹೆಸ್ರು ಓದಿದ ಮೇಲೆ ನಾನು ಮನೆಗೆ ಬಂದ್ಬುಡ್ತಿದ್ದೆ. ಕೆಲಸ ಇರ್ತಿತ್ತಲ್ಲ." ಹಾಗಾದರೆ ಅವ್ವ ಮೆಚ್ಚಿದ್ದು ಹೆಸರೂ ಗೊತ್ತಿಲ್ಲದ ಒಬ್ಬ ಪೋಸ್ಟಿನವರ ರುಚಿಯನ್ನು. ಅವರ ಬಗ್ಗೆಯೂ ವಿಚಾರಿಸಿದೆ. ಅವರು ಆಂಧ್ರದ ಕಡೆಯ ಮಗಳ ಮನೆಗೆ ಹೋಗಿ ಎಷ್ಟೋ ಕಾಲವಾಯಿತಂತೆ, ಇದ್ದಾರೋ ಇಲ್ಲವೋ ಇಲ್ಲಿ ಯಾರಿಗೂ ತಿಳಿಯದು.

ಅಜ್ಜಿಯ ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿವೆ. ಕಡೆಗಾಲದಲ್ಲಿ ಮಂದೆ ಮಾರಿ ಮನೆಯಲ್ಲೇ ಇದ್ದರು. "ಅವನು ಮನೇಲಿದ್ದ, ರೇಡಿಯೊನೂ ಮನೇಲಿತ್ತು. ಈ ಪ್ಲೇಟುಗಳು ಬಂದ್ಮೇಲೆ ಅದು ಕೆಟ್ಟೋಯ್ತು. ಬರೀ ಗುಂಯ್ ಅಂತಿತ್ತು. ಮಗ ಎತ್ತಿಟ್ಬುಟ್ಟ."

"ಗುಂಯ್ ಅಂತಿತ್ತಾ? ಪೂರ್ತಿ ಸುಮ್ಮನಾಗಿರ್ಲಿಲ್ವಾ?"

"ಇಲ್ಲ, ಗುಂಯ್ ಅಂತಿತ್ತು."

ತಮ್ಮ ನನ್ನ ಮುಖ ನೋಡಿ, ನಾವು ಬೇಗ ಹೊರಡುವುದಿಲ್ಲ ಅಂತ ಅರ್ಥಮಾಡಿಕೊಂಡ. ಸೊಸೆ ಮುದ್ದೆಗೆ ಎಸರಿಟ್ಟಳು. ಅವಳಿಗೆ ಸೋಲಾರ್ ಪ್ಲೇಟು ಒರೆಸುವ ಕೆಲಸವಂತೆ, ಅವತ್ತು ರಜೆ. ನಾನು ಕೇಳಿದ ಮೇಲೆ ಮಾಡಿನ ಸಂದಿಯಿಂದ ಆ ಹಳೇ ರೇಡಿಯೊ ತೆಗೆದುಕೊಟ್ಟಳು. ನಮ್ಮದಕ್ಕಿಂತ ಚಿಕ್ಕದು. ಭುಜಕ್ಕೆ ಹಾಕುವ ಪಟ್ಟಿಯ ಜಾಗದಲ್ಲಿ ಉಣ್ಣೆ ಹುರಿ ಹೊಸೆದು ಕಟ್ಟಿದ್ದರು. ಒಳಗೆ ಸೆಲ್ಲು ಇರಲಿಲ್ಲ, ಆದ್ದರಿಂದ ಕಿಲುಬೂ ಇರಲಿಲ್ಲ. ನಮ್ಮ ಸೆಲ್ಲುಗಳನ್ನು ತೆಗೆದು ಅದಕ್ಕೆ ಹಾಕಿದೆ. ಗುಂಯ್ ಅಂದಿತು. "ನೋಡಿದ್ಯಾ" ಅಂದರು ಅಜ್ಜಿ.

"ಆಫ್ ಮಾಡೋದು ಬೇಡ. ಹೊತ್ತು ಇಳೀಲಿ" ಅಂದೆ.

ಊಟ ಮಾಡಿದೆವು. ಮುದ್ದೆ, ಹುಳಿಸೊಪ್ಪಿನ ಸಾರು, ನೆಂಜಿಕೊಳ್ಳಲು ಕಡ್ಲೆಕಾಯಿ ಚಟ್ನಿ. ಬಿಸಿಲು ಪಡುವಣಕ್ಕೆ ವಾಲಿತು. ಜಗಲಿಯಿಂದ ಕಾಣುವ ಪ್ಲೇಟುಗಳ ಮೇಲಿನ ಹೊಳಪು ಕೆಂಪಾಗಿ, ಆಮೇಲೆ ಬೂದುಬಣ್ಣಕ್ಕೆ ತಿರುಗಿತು. ನಾಲ್ವರೂ ಆ ಸಣ್ಣ ಪೆಟ್ಟಿಗೆಯ ಸುತ್ತ ಕೂತಿದ್ದೆವು. ಗುಂಯ್ ತೆಳ್ಳಗಾಗುತ್ತಿದೆ ಅಂತ ಮೊದಲು ಹೇಳಿದ್ದು ತಮ್ಮ. ನನಗೆ ಭ್ರಮೆಯೇನೋ ಅನ್ನಿಸಿತ್ತು. ಒಂದೊಂದೇ ಎಳೆ ಬಿಚ್ಚಿಕೊಂಡ ಹಾಗೆ ಅದು ಇಳಿಯಿತು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಪೂರ್ತಿ ಹೋಯಿತು. ಪ್ಲೇಟುಗಳು ಕೆಲಸ ಮುಗಿಸಿದ್ದವು.

ಮುಳ್ಳು ಮೆಲ್ಲಗೆ ಸರಿಸಿದೆ. ತೆಲುಗಿನಲ್ಲಿ ಒಬ್ಬರು ಮಾತಾಡುತ್ತಿದ್ದರು. ಇನ್ನೊಂದು ಕಡೆ ತಮಿಳು ಹಾಡು ಅಲೆಅಲೆಯಾಗಿ ಬಂದುಹೋಯಿತು. ಅದರ ಪಕ್ಕದಲ್ಲಿ ಕನ್ನಡ, ಆದರೆ ಬಹಳ ಕ್ಷೀಣ.

"ಅಂಗಲ್ಲ ಹಿಡಿಯೋದು. ಇಲ್ಲಿ ಕೊಡು" ಅಂದರು ಅಜ್ಜಿ. ರೇಡಿಯೊ ತೆಗೆದುಕೊಂಡು, ಮೊರದಲ್ಲಿ ಕಾಳು ಸರಿಸುವಷ್ಟು ಹಗುರವಾಗಿ ಅದರ ಮುಖ ಸ್ವಲ್ಪ ಸ್ವಲ್ಪವೇ ತಿರುಗಿಸಿದರು. ಕನ್ನಡ ದನಿ ಎದ್ದು ಬಂತು. "ಅವನು ಹಿಂಗೇ ತಿರುಗುಸ್ತಿದ್ದ. ಸ್ಟೇಷನ್ ಇರೋ ಕಡೆ ನೋಡ್ಬೇಕು ಅದು" ಅಂದರು. ಅಷ್ಟು ವರ್ಷ ಕೆಟ್ಟಿದೆ ಅಂದುಕೊಂಡಿದ್ದ ಪೆಟ್ಟಿಗೆಯನ್ನು ಅವರು ಕಿವಿಗಿಟ್ಟುಕೊಂಡು ಕೂತಿದ್ದನ್ನು ನೋಡಿ ಸೊಸೆ ದೀಪ ಹಾಕಲು ಎದ್ದವಳು ಮತ್ತೆ ಕೂತಳು.

ನಾವು ಹೊರಡುವಾಗ ಸೆಲ್ಲು ತೆಗೆಯಲು ಬಿಡಲಿಲ್ಲ ನಾನು. ಅಜ್ಜಿ ಒಂದು ಚೀಲ ಕಡ್ಲೆಕಾಯಿ ವ್ಯಾನಿಗೆ ಹಾಕಿಸಿದರು. ತಮ್ಮ ಗಡಿ ದಾಟಿದ ಮೇಲೆ, "ಅವ್ವ ಇದ್ದಿದ್ರೆ ಅದು ಕುರಿ ಅಂತ ಕೇಳಿ ಏನಂತಿದ್ಲು ಅಕ್ಕ?" ಅಂದ. ನಾಚಿಕೊಳ್ಳುತ್ತಿದ್ದಳೋ, ಎಲ್ಲ ಕುರಿಗಳೂ ಆಮೇಲೇನಾದವು ಅಂತ ಮೊದಲಿಂದ ಶುರುಮಾಡುತ್ತಿದ್ದಳೋ.

ಈಗ ಸಂಜೆ ಹೊತ್ತು ಸೊಸೆಯ ಫೋನಿನಿಂದ ಅಜ್ಜಿ ಆಗಾಗ ಮಾತಾಡುತ್ತಾರೆ. ಮಾತೆಲ್ಲ ಒಂದೇ ವಿಷಯ: ಅಲ್ಲಿ ಏನು ಸಿಕ್ಕಿತು, ಇಲ್ಲಿ ಏನು ಸಿಕ್ಕಿತು. ನನಗೆ ಚೆನ್ನಾಗಿ ಬರುವ ಸ್ಟೇಷನ್ ಅವರಿಗೆ ಬರುವುದಿಲ್ಲ, ಅವರಿಗೆ ಬರುವುದು ನನಗಿಲ್ಲ. ಮೊನ್ನೆ ಅವರು, "ಒಂದು ಹೊಸದು ಸಿಕ್ಕದೆ. ಒಬ್ಳು ಹೆಂಗಸು ಮಾತಾಡ್ತಾವ್ಳೆ, ಕನ್ನಡ ಅಲ್ಲ, ತೆಲುಗಲ್ಲ, ತುರುಕ ಮಾತೂ ಅಲ್ಲ. ಕೇಳು" ಅಂತ ಫೋನನ್ನು ರೇಡಿಯೊದ ಹತ್ತಿರ ಹಿಡಿದರು. ನಾನು ನಮ್ಮ ಮೈನ್ ಸ್ವಿಚ್ ಇಳಿಸಿ ಅದೇ ಜಾಗಕ್ಕೆ ಮುಳ್ಳು ತಂದು ಹುಡುಕಿದೆ. ಇಲ್ಲಿ ಸಿಗಲಿಲ್ಲ. ಫೋನಿನೊಳಗೆ ಆ ದೂರದ ದನಿ ಯಾವುದೋ ಪಟ್ಟಿ ಓದುವ ಹಾಗೆ ಒಂದೇ ಲಯದಲ್ಲಿ ಹೇಳುತ್ತಾ ಹೋಯಿತು, ನಡುನಡುವೆ ನಿಂತು ಮತ್ತೆ ಶುರುವಾಯಿತು.

"ಹೆಸ್ರು ಓದ್ತಾವ್ಳೆ ಅನ್ಸುತ್ತೆ" ಅಂದರು ಅಜ್ಜಿ.

"ಯಾರದು?"

"ಯಾರಿಗೆ ಗೊತ್ತು. ಇರು, ಇನ್ನೊಂಚೂರು ತಿರುಗುಸ್ತೀನಿ."